ಕಸ ಗುಡಿಸದ ದಿನ

ನಮ್ಮ ಮನೆ ಓನರಮ್ಮನ ಬಲಗೈ ಹೆಬ್ಬೆರಳ ಬುಡದಲ್ಲಿ, ಪೊರಕೆ ಹಿಡಿದು ಹಿಡಿದು, ಹುಣಸೆಬೀಜದಷ್ಟು ದಪ್ಪ ಗಂಟೊಂದು ಎದ್ದಿತ್ತು. ದಿನಕ್ಕೆ ಮೂರು ಸಲ ಗುಡಿಸಿದರೂ ಸಮಾಧಾನವಿಲ್ಲದ ಜೀವ ಅದು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಭೂಗೋಳದ ಮೇಷ್ಟ್ರಾಗಿ ಅಜ್ಜಂಪುರಕ್ಕೆ ಬಂದು ಅವರ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ನನ್ನ ಕೋಣೆಯ ಕಸವನ್ನೂ ಅವರೇ ಗುಡಿಸಿ, ಪಾಠ ಹೇಳುವವರು ಹೀಗಾ ಇರುವುದು ಎಂದು ಬೈಯುತ್ತಿದ್ದರು.

ಇಂಥ ಹೆಂಗಸು ತಿಂಗಳಲ್ಲಿ ಒಂದೆರಡು ದಿನ ಪೊರಕೆ ಮುಟ್ಟುತ್ತಿರಲಿಲ್ಲ. ಒಬ್ಬನೇ ಮಗ ಅಂಡಮಾನಿನಲ್ಲಿ ವೈರ್‌ಲೆಸ್ ಮೆಕ್ಯಾನಿಕ್. ಪೋರ್ಟ್‌ಬ್ಲೇರಿನಿಂದ ಕಾರ್ ನಿಕೋಬಾರ್ ಎಂಬ ದ್ವೀಪಕ್ಕೆ ತಿಂಗಳಿಗೊಮ್ಮೆ ವಿಮಾನದಲ್ಲಿ ಹೋಗಿ ಬರಬೇಕಿತ್ತು. ಹೋಗುವ ದಿನವನ್ನು ಮೊದಲೇ ಬರೆದು ತಿಳಿಸುತ್ತಿದ್ದ. ಮನೆಯವರು ಪ್ರಯಾಣ ಹೊರಟರೆ ಅವರು ಊರು ಮುಟ್ಟುವವರೆಗೆ ಕಸ ಗುಡಿಸಬಾರದೆಂಬುದು ನಮ್ಮ ಕಡೆಯ ಪದ್ಧತಿ. ಮಗ ಹೊರಡುವುದು ಈ ಮನೆಯಿಂದಲ್ಲವಲ್ಲ ಎಂದು ನಾನು ನಗುತ್ತ ತಕರಾರು ತೆಗೆದೆ.

"ಎಲ್ಲಿಂದ ಹೊರಟ್ರೂ ಅವನ ಮನೆ ಇದೇ ಅಲ್ವೇನ್ರೀ" ಎಂದರು.

ಅವನು ಹೊರಡುವ ಅಂಥ ಒಂದು ದಿನ, ಅದು ಎಷ್ಟು ಹೊತ್ತಿನ ದಾರಿ ಎಂದು ಕೇಳಿದರು. ಶಾಲೆಯ ಭೂಪಟ ತಂದು ಹಾಸಿ, ನೂಲಿಟ್ಟು ಅಳೆದೆ. ಉಗುರಗಲ ಬಂತು. ಲೆಕ್ಕ ಹಾಕಿ, ಇನ್ನೂರೆಪ್ಪತ್ತು ಕಿಲೋಮೀಟರ್ ಇರಬಹುದು, ವಿಮಾನಕ್ಕೆ ಒಂದು ಗಂಟೆ ಸಾಕು, ಆಮೇಲೆ ಧಾರಾಳವಾಗಿ ಗುಡಿಸಿ ಎಂದೆ. ಅವರು ನೀಲಿ ಬಣ್ಣದ ಮೇಲೆ ಬೆರಳಿಟ್ಟು, ಇದಿಷ್ಟೂ ನೀರೇನಾ ಎಂದು ವಿಚಾರಿಸಿದರು. ಹೌದೆಂದೆ.

"ಕಡೂರಿಗೂ ಒಂದೇ ಗಂಟೆ ಅಂತಾರೆ ಮೇಷ್ಟ್ರೇ. ಬಸ್ಸು ಕೆಟ್ರೆ ಬೀರೂರಲ್ಲಿ ಇಳ್ದು ಟೀ ಕುಡೀಬೋದು. ಇಲ್ಲಿ ಅವನು ಎಲ್ಲಿ ಇಳೀತಾನೆ?"

ನಾನು ಭೂಪಟ ಸುತ್ತಿಟ್ಟೆ. ಮಾರನೆಯ ದಿನದವರೆಗೂ ಅವರು ಪೊರಕೆ ಹಿಡಿಯಲಿಲ್ಲ.

ಕೆಲವು ವರ್ಷಗಳ ಮೇಲೆ, ಒಂದು ಮಳೆಗಾಲದಲ್ಲಿ, ಕೊಟ್ಟಿಗೆಯಲ್ಲಿ ಹಸು ಕಟ್ಟುತ್ತಿದ್ದ ಓನರಮ್ಮ ಹಾಗೇ ಕುಸಿದರು. ಎತ್ತಿ ಒಳಗೆ ತರುವಷ್ಟರಲ್ಲಿ ಜೀವ ಹೋಗಿತ್ತು. ಮಗನಿಗೆ ತಂತಿ ಕೊಟ್ಟೆವು. ಅವನು ಕಾರ್ ನಿಕೋಬಾರಿನಲ್ಲಿದ್ದ. ಮಳೆಗೆ ವಿಮಾನ ಏಳುತ್ತಿಲ್ಲ, ಬಿಟ್ಟ ಕೂಡಲೇ ಹೊರಡುತ್ತೇನೆ, ಕಾಯಬೇಡಿ ಎಂದು ಅವನಿಂದ ತಂತಿ ಬಂತು.

ದೇಹ ಹೊಸಿಲು ದಾಟಿದ ಮೇಲೆ ಮನೆ ಗುಡಿಸಿ ತೊಳೆಯಬೇಕು. ಪಂಚನಹಳ್ಳಿಯಿಂದ ಬಂದಿದ್ದ ಅವರ ನಾದಿನಿ ಪೊರಕೆ ಎತ್ತಿಕೊಂಡರು. ಪದ್ಧತಿಗೆ ನಗುತ್ತಿದ್ದ ನನಗೆ ಏನಾಯಿತೋ, ಅಡ್ಡ ನಿಂತು, ಹುಡುಗ ಇನ್ನೂ ಊರು ಮುಟ್ಟಿಲ್ಲ ಎಂದೆ.

"ಸಾವಾದ ಮನೇನ ಗುಡಿಸ್ದೆ ಬಿಡ್ತಾರೇನ್ರೀ?" ಎಂದರು ಆಕೆ.

ಅಂಗಳಕ್ಕೆ ಇಳಿದಿದ್ದ ಓನರಮ್ಮನ ಯಜಮಾನರು ತಿರುಗಿ ನೋಡಿದರು.

"ಇಡವ್ವ ಕೆಳಗೆ. ಅವ್ಳಿದ್ದಿದ್ರೆ ಗುಡಿಸ್ತಿರ್ಲಿಲ್ಲ."

ಮಣ್ಣು ಮಾಡಿ ಬಂದೆವು. ಬಂಧುಗಳು ಗೊಣಗಿದರು. ಮನೆ ಹಾಗೇ ಬಿದ್ದಿತ್ತು.

ಕೆಲವು ದಿನಗಳ ಮೇಲೆ ಮಗ ಬಂದ. ನಡುಮನೆಯಲ್ಲಿ ಬಾಡಿದ ಚೆಂಡುಹೂವು, ಚೆಲ್ಲಿದ ವಿಭೂತಿ, ಜನ ತುಳಿದು ಒಣಗಿದ ಕೆಸರು. ಹೊಸಿಲಲ್ಲೇ ನಿಂತು ನೋಡಿದ. ಯಾರೂ ಏನೂ ಹೇಳಬೇಕಾಗಲಿಲ್ಲ.

"ಅವ್ವ ಕಸ ಗುಡಿಸಿಲ್ಲ" ಎಂದ.

ಚೀಲವಿಟ್ಟು, ಕದದ ಹಿಂದಿನ ಪೊರಕೆ ತೆಗೆದುಕೊಂಡು, ಅಳುತ್ತಲೇ ಮೂಲೆಮೂಲೆಯನ್ನೂ ಗುಡಿಸಿದ. ನಾವೆಲ್ಲ ಹೊರಗೆ ನಿಂತು ಅತ್ತೆವು.

ಈಗ ನನ್ನವರು ಯಾರಾದರೂ ದೂರ ಹೊರಟ ದಿನ ನಮ್ಮ ಮನೆಯಲ್ಲೂ ಪೊರಕೆ ಕದದ ಹಿಂದೆಯೇ ಇರುತ್ತದೆ. ಭೂಗೋಳದ ಮೇಷ್ಟ್ರಿಗೆ ಇದೇನು ಎಂದು ಹೆಂಡತಿ ನಗುತ್ತಾಳೆ. ಮುಟ್ಟಿದ ಸುದ್ದಿ ಇನ್ನೂ ಬಂದಿಲ್ಲ ಎನ್ನುತ್ತೇನೆ.