ಜಟ್ಟುವಿನ ಉಳಿದ ಕಣ್ಣಿಗೆ ಬೀರಿಯ ಕಾವಲು

ಅಂಕೋಲೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪೇಟೆಯ ಕಣ್ಣಿನ ದವಾಖಾನೆಯ ಜಗಲಿಯನ್ನು ಆಯಾ ಬೀರಿ ಗೊಣಗುತ್ತಲೇ ಗುಡಿಸುತ್ತಿದ್ದಾಳೆ. ಪೊರಕೆಗೆ ಸಿಕ್ಕುವುದೆಲ್ಲ ಸಿಗರೇಟಿನ ತುಂಡುಗಳೇ. ಮೊದಲ ಬಸ್ಸಿಗೆ ಬಂದ ಬೇಲೆಕೇರಿಯ ಮೀನುಗಾರನೊಬ್ಬ ಕಟ್ಟೆಯ ಮೇಲೆ ಕುಳಿತು ಆಗಲೇ ಹೊಗೆ ಬಿಡುತ್ತಿದ್ದಾನೆ.

"ಕಣ್ಣು ಮಂಜಾತದೆ ಅಂತ ಬಂದವ ಇಲ್ಲೇ ಕೂತು ಸೇದ್ತಿಯಲ್ಲ ಮಾರಾಯ! ಆರ್ಸು ಅದ್ನ."

"ಸೇದೂದು ಬಾಯಲ್ಲಿ. ಕಣ್ಣಿಗೆ ಎಂತ ಆತದೆ?"

ಈ ಪ್ರಶ್ನೆ ಕೇಳಿ ಕೇಳಿ ಬೀರಿಗೆ ತಲೆಚಿಟ್ಟು ಹಿಡಿದಿದೆ. ಆದರೂ ಪೊರಕೆ ಗೋಡೆಗೆ ಒರಗಿಸಿ, ತಮ್ಮನ ಕತೆ ಹೇಳಲು ನಿಲ್ಲುತ್ತಾಳೆ.

ತಮ್ಮ ಜಟ್ಟು ಕೈಗಾ ಅಣುಸ್ಥಾವರದ ಕೆಲಸಕ್ಕೆ ಜಲ್ಲಿ ಸಾಗಿಸುತ್ತಿದ್ದ ಲಾರಿಯ ಚಾಲಕ. ಘಟ್ಟದ ತಿರುವಿನಲ್ಲಿ ನಿದ್ದೆ ಬಾರದಿರಲೆಂದು ಒಂದು ಸಿಗರೇಟಿನ ಬೆಂಕಿಯಿಂದ ಇನ್ನೊಂದು ಹಚ್ಚುತ್ತಿದ್ದ. ಒಂದು ಬೆಳಿಗ್ಗೆ ಮುಖ ತೊಳೆದು ನೋಡಿದರೆ ಎಡಗಣ್ಣಿಗೆ ಕತ್ತಲೆ. ನೋವಿಲ್ಲ, ಉರಿಯಿಲ್ಲ. ತಾನೇ ಸರಿಯಾದೀತೆಂದು ಯಾರಿಗೂ ಹೇಳದೆ ದಿನ ಕಳೆದ. ವಿಷಯ ತಿಳಿದ ಬೀರಿ ರಟ್ಟೆ ಹಿಡಿದು ಎಳೆತರುವಷ್ಟರಲ್ಲಿ ಹೊತ್ತು ಮೀರಿತ್ತು.

ಹೊಗೆಯ ವಿಷ ರಕ್ತಕ್ಕೆ ಸೇರಿ ನಾಳಗಳ ಒಳಗೋಡೆಯನ್ನು ಕೆಡಿಸುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ, ಕಣ್ಣಿನ ಹಿಂದಿನ ಕೂದಲೆಳೆಯಂಥ ನಾಳ ಮುಚ್ಚಿದರೆ ನೋಟ ಕೊಡುವ ಪರದೆ ರಕ್ತವಿಲ್ಲದೆ ಸಾಯುತ್ತದೆ ಎಂದು ದವಾಖಾನೆಯ ಡಾಕ್ಟರು ಸುಮಿತಾ ವಿವರಿಸಿದರು. "ಇನ್ನೊಂದು ಕಣ್ಣನ್ನಾದರೂ ಉಳಿಸಿಕೋ," ಎಂದರು.

ಲಾರಿ ಕೆಲಸ ಕೈತಪ್ಪಿತು. ಜಟ್ಟು ಈಗ ಬಸ್‌ಸ್ಟ್ಯಾಂಡಿನ ಬಳಿ ಎಳನೀರು ಮಾರುತ್ತಾನೆ. ಸಿಗರೇಟು? "ಬಿಟ್ಟೆ ಅಂತ ದೇವರ ಮುಂದೆ ಆಣೆ ಹಾಕ್ದ. ಮರುದಿನ ಅಂಗಿ ಮೂಸಿದ್ರೆ ಅದೇ ನಾತ! ಅತ್ತು ಕರೆದೆ, ಬೈದೆ, ಉಣ್ಣೂಕೆ ಹಾಕದೆ ಕೂತೆ. ಕಲ್ಲಿಗೆ ಹೇಳ್ದಂಗೆ."

ಕತೆ ಕೇಳಿದ ಮೀನುಗಾರ ಸಿಗರೇಟನ್ನು ಮೆಲ್ಲಗೆ ನೆಲಕ್ಕೆ ಒತ್ತಿ ಆರಿಸುತ್ತಾನೆ. ಬೀರಿ ಅವನ ತಲೆ ಹಿಂದಕ್ಕೆ ಬಾಗಿಸಿ, ರೆಪ್ಪೆ ಬಿಡಿಸಿ, ಪಾಪೆ ಅಗಲಿಸುವ ಮದ್ದು ಬಿಡುತ್ತಾಳೆ. ಎಷ್ಟು ಸಿಡುಕಿದರೂ ಕೈ ಮಾತ್ರ ಹಗುರ.

ತಮ್ಮ ಇಷ್ಟು ಕಾಡಿದರೂ ಬೇಸರ ಬರುವುದಿಲ್ಲವೇ ಎಂದು ಅವನು ಕೇಳಿದರೆ ಬೀರಿಗೆ ಸಿಟ್ಟಿನ ನಡುವೆಯೇ ನಗು ಒಸರುತ್ತದೆ.

"ನಿನ್ನೆ ರಸ್ತೆಯ ಆಚೆ ನಿಂತು ಸೇದ್ತಿದ್ದ. ಅಷ್ಟು ಜನರ ಮಧ್ಯ ನನ್ನ ಕಂಡಂವ ಬಿಸಾಕಿ ಓಡಿದ. ಅಷ್ಟು ದೂರದಿಂದ ಗುರ್ತ ಹಿಡೀತ ಅಂದ್ರೆ ಆ ಕಣ್ಣು ಇನ್ನೂ ಚಲೋ ಅದೆ. ಸಿಕ್ಕಲಿ, ಕಿವಿ ಹಿಂಡ್ತೆ."