ಸಾಗುವಾನಿಯ ಮೇಲೆ ಕೆಂಪು ಲೇಪ

ಮೇಜು, ಬೀರು, ಮಂಚಗಳ ಮೇಲೆ ಬಿದ್ದ ಗೀರುಗಳನ್ನು ಮನೆಗೇ ಬಂದು ಸರಿಮಾಡಿಕೊಡುವುದು ಅವರ ಕಸುಬು. ಅದಕ್ಕೇ ಓಣಿಯವರು ಅವರಿಗೆ ಗೀರಪ್ಪ ಎಂದು ಹೆಸರಿಟ್ಟಿದ್ದರು. ಇಟ್ಟವನು ಅವರಿದ್ದ ಕಟ್ಟಡದ ಕೆಳಗಿನ ಅಂಗಡಿಯ ದರ್ಜಿ. ಮೊದಮೊದಲು ಬೆನ್ನ ಹಿಂದೆ ಮಾತ್ರ ಹಾಗೆ ಕರೆಯುತ್ತಿದ್ದರಂತೆ. ಒಂದು ದಿನ ಅವರೇ ಯಾರದೋ ಬಾಗಿಲು ತಟ್ಟಿ, "ನಾನು, ಗೀರಪ್ಪ ಬಂದಿದೀನಿ" ಎಂದರು. ಅಲ್ಲಿಗೆ ಆ ಹೆಸರಿನ ಕುಚೋದ್ಯ ಮುಗಿಯಿತು.

ನಾನು ಶಾಲೆಯಿಂದ ನಿವೃತ್ತನಾಗಿ ಆ ಕಟ್ಟಡದ ಎರಡನೆಯ ಮಹಡಿಗೆ ಬಂದಾಗ ಅವರು ನನ್ನ ಎದುರುಮನೆಯವರಾದರು. ಎರಡು ಕೋಣೆಗಳಲ್ಲಿ ಗಂಡ ಹೆಂಡತಿ ಇಬ್ಬರೇ. ಮಕ್ಕಳಿರಲಿಲ್ಲ. ಹೆಂಡತಿಯನ್ನು ಕಟ್ಟಡದವರೆಲ್ಲ ಅಕ್ಕ ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ ನಾನೂ ಹಾಗೆಯೇ ಕರೆಯುತ್ತಿದ್ದೆ.

ಗೀರಪ್ಪನವರ ಕೈಕೆಲಸ ನೋಡುವಂತಿತ್ತು. ಮೊದಲು ಒದ್ದೆಬಟ್ಟೆಯಿಂದ ಧೂಳು ತೆಗೆದು ಒಣಬಟ್ಟೆ ಆಡಿಸುವರು. ಆಮೇಲೆ ಹೆಬ್ಬೆರಳಿನ ಉಗುರನ್ನು ಗೀರಿಗೆ ಅಡ್ಡಲಾಗಿ ಎಳೆಯುವರು. ಉಗುರು ಜಾರಿದರೆ ಗೀರು ಮೇಲಿನ ಲೇಪದಲ್ಲಷ್ಟೇ ಇದೆ ಎಂದರ್ಥ. ಮೆತ್ತನೆಯ ಬಟ್ಟೆಗೆ ಪಾಲಿಶ್ ಹಚ್ಚಿ, ಮರದ ಎಳೆ ಹೋದತ್ತ ತಿಕ್ಕಿದರೆ ಸಾಕು. ಉಗುರು ಸಿಕ್ಕಿಕೊಂಡರೆ ಲೇಪ ಹರಿದಿದೆ. ಆಗ ತಗಡಿನ ಡಬ್ಬಿಯಿಂದ ಬಣ್ಣದ ಮೇಣದ ಕಡ್ಡಿ ಹೊರಬರುವುದು. ಅದನ್ನು ಬೆರಳ ಬಿಸಿಗೆ ಮೆದುಮಾಡಿ, ಗೀರಿನೊಳಗೆ ಒತ್ತಿ ತುಂಬಿ, ಹೆಚ್ಚಾದದ್ದನ್ನು ಪ್ಲಾಸ್ಟಿಕ್ ಚೂರಿನಿಂದ ಕೆರೆದು, ಮೇಲೆ ಬಣ್ಣವಿಲ್ಲದ ವಾರ್ನಿಶನ್ನು ಸಣ್ಣ ಕುಂಚದಲ್ಲಿ ಎಳೆಯುವರು. ಸಂಜೆಗೆ ಮನೆಯ ಯಜಮಾನಿಯೇ ಬೆರಳಿಟ್ಟು ಹುಡುಕಬೇಕು, ಗೀರು ಎಲ್ಲಿತ್ತೆಂದು.

ಡಬ್ಬಿಯಲ್ಲಿ ಇಪ್ಪತ್ತನಾಲ್ಕು ಕಡ್ಡಿಗಳಿದ್ದವು. ಎಲ್ಲವೂ ಕಂದೇ. ಒಂದು ಕೆಂಪಿಗೆ ಹತ್ತಿರ, ಒಂದು ಹಳದಿಗೆ, ಇನ್ನೊಂದು ಹಸಿರಿಗೆ. ಪ್ರತಿ ಕೆಲಸಕ್ಕೂ ಅಕ್ಕ ಜೊತೆಗೆ ಹೋಗುತ್ತಿದ್ದರು. ಕಿಟಕಿಯ ಪರದೆ ಸರಿಸಿ, ಮೇಜಿನ ಪಕ್ಕ ಕುಳಿತು, ಕಡ್ಡಿಯನ್ನು ಆರಿಸಿ ಗಂಡನ ಕೈಗೆ ಕೊಡುವವರು ಅವರೇ.

ದರ್ಜಿ ಸುಮ್ಮನಿರುವ ಆಸಾಮಿಯಲ್ಲ. "ಏನಕ್ಕಾ, ಯಜಮಾನ್ರನ್ನ ಒಬ್ಬರನ್ನೇ ಬಿಟ್ರೆ ಯಾರಾದ್ರೂ ಕದ್ಕೊಂಡು ಹೋಗ್ತಾರಾ?" ಎಂದು ಛೇಡಿಸುತ್ತಿದ್ದ.

"ಕದ್ರೆ ಕದೀಲಿ ಬಿಡಪ್ಪ. ಇವರ ಗೊರಕೆ ಕೇಳಿ ಬೆಳಗಾಗೋದ್ರೊಳಗೆ ವಾಪಸ್ ತಂದು ಬಿಟ್ಟುಹೋಗ್ತಾರೆ."

ಹೆಂಡತಿಗೆ ಗಂಡನ ಮೇಲೆ ಅನುಮಾನ ಎಂದು ಕೆಲವರು, ಒಬ್ಬರನ್ನೊಬ್ಬರು ಬಿಟ್ಟಿರಲಾರರು ಎಂದು ಕೆಲವರು ಅಂದುಕೊಂಡಿದ್ದರು. ನಿಜ ಯಾರಿಗೂ ತಿಳಿದಿರಲಿಲ್ಲ.

ಒಂದು ವರ್ಷ ಬೇಸಿಗೆಯ ಕೊನೆಗೆ ಅಕ್ಕನಿಗೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟತೊಡಗಿತು. ಪಾದಗಳು ಊದಿಕೊಂಡವು. ಹೃದಯ ದೊಡ್ಡದಾಗಿದೆ, ಬಲ ಕಳೆದುಕೊಂಡಿದೆ ಎಂದರು ವೈದ್ಯರು. ನೋಡಲು ಹೋದ ನನಗೆ ಅಕ್ಕ, "ಮೂವತ್ತೆರಡು ವರ್ಷ ಇವರ ಜೊತೆ ಬಾಳಿದೀನಿ ಮೇಷ್ಟ್ರೇ, ಹೃದಯ ದೊಡ್ಡದಾಗದೆ ಇರುತ್ತಾ?" ಎಂದು ನಕ್ಕರು. ನಗು ಅರ್ಧಕ್ಕೇ ಕೆಮ್ಮಾಯಿತು.

ಅಂದು ಗೀರಪ್ಪ ಔಷಧಿ ತರಲು ಕೆಳಗಿಳಿದಾಗ ಅಕ್ಕ ನನ್ನನ್ನು ಹತ್ತಿರ ಕರೆದರು.

"ನಿಮಗೊಂದು ಮಾತು ಹೇಳ್ತೀನಿ, ಯಾರಿಗೂ ಹೇಳ್ಬೇಡಿ. ಇವರಿಗೆ ಕೆಂಪು ಯಾವುದು ಹಸಿರು ಯಾವುದು ಗೊತ್ತಾಗಲ್ಲ. ಹುಟ್ಟಿದಾಗಿಂದ್ಲೂ ಹಾಗೇ. ಮದುವೆಯಾದ ಹೊಸದ್ರಲ್ಲಿ ಹಣ್ಣು ಟೊಮೇಟೊ ತನ್ನಿ ಅಂದ್ರೆ ಕಾಯಿ ತರೋರು. ನಾನು ದಡ್ಡ ಗಂಡ ಸಿಕ್ಕಿದ ಅಂತ ಅತ್ತಿದ್ದೆ."

ಆಗ ಗೀರಪ್ಪ ಪೀಠೋಪಕರಣದ ಕಾರ್ಖಾನೆಯೊಂದರಲ್ಲಿದ್ದರು. ಅಲ್ಲಿ ಮೇಸ್ತ್ರಿಯೇ ಬಣ್ಣ ಕಲಸಿ, ಡಬ್ಬಿಗಳ ಮೇಲೆ ಅಂಕಿ ಬರೆದಿಡುತ್ತಿದ್ದ. ಇವರು ಅಂಕಿ ನೋಡಿ ಹಚ್ಚಿದರಾಯಿತು. ಕಾರ್ಖಾನೆ ಮುಚ್ಚಿ, ಮನೆಮನೆಯ ಕೆಲಸ ಹಿಡಿದ ಮೊದಲ ದಿನದಿಂದ ಅಕ್ಕನ ಕಣ್ಣೇ ಅವರ ಕಣ್ಣು.

"ಈಗ ಒಬ್ಬರೇ ಹೋಗ್ತಾರೆ. ಎಲ್ಲಾ ಸರಿಹೋಗ್ತಿದೆ ಕಣೇ ಅಂತಾರೆ. ನಾನು ಕಡ್ಡಿಗಳ ಬುಡದಲ್ಲಿ ಗುರುತು ಕೊರೆದುಕೊಟ್ಟಿದೀನಿ. ಕೆಂಪು ಮರಕ್ಕೆ ಒಂದು ಗೀಟು, ಸಾಗುವಾನಿಗೆ ಎರಡು, ಕಪ್ಪು ಮರಕ್ಕೆ ಮೂರು. ಮರ ಅವರಿಗೆ ಚೆನ್ನಾಗಿ ಗೊತ್ತು, ಎಳೆ ನೋಡಿಯೇ ಹೇಳ್ತಾರೆ. ಆದ್ರೂ ನನಗೆ ಧೈರ್ಯ ಇಲ್ಲ. ನೀವೊಂದು ಕೆಲಸ ಕೊಡಿ ಮೇಷ್ಟ್ರೇ. ಒಬ್ಬರೇ ಮಾಡ್ಲಿ. ನಾನು ಕಣ್ಣಾರೆ ನೋಡಿಬಿಟ್ರೆ, ಇವರು ಹೇಗಾದ್ರೂ ಬದುಕ್ಕೋತಾರೆ ಅಂತ ನೆಮ್ಮದಿಯಾಗಿ ಹೋಗ್ತೀನಿ."

ಆಗಲಿ ಎಂದು ಎದ್ದೆ.

ನನ್ನ ಬಳಿ ಒಂದು ಸಣ್ಣ ಪೀಠವಿತ್ತು, ಓದುವಾಗ ಪುಸ್ತಕ, ಕನ್ನಡಕ ಇಡುವುದಕ್ಕೆ. ಬೀಗದ ಕೈ ಗೊಂಚಲು ಎಳೆದು ಅದರ ಮೇಲೆ ಗೇಣುದ್ದ ಗೀರು ಬಿದ್ದಿತ್ತು. ಮರುದಿನ ಬೆಳಗ್ಗೆ ಅದನ್ನು ತೋರಿಸಿದೆ. ಗೀರಪ್ಪ ಉಗುರು ಆಡಿಸಿದರು. ಉಗುರು ಸಿಕ್ಕಿಕೊಂಡಿತು. ಪೀಠವನ್ನು ಎತ್ತಿ ತೂಕ ನೋಡಿದರು, ಮಗುಚಿ ಅಡಿಯ ಎಳೆ ನೋಡಿದರು.

"ಸಾಗುವಾನಿ. ಒಳ್ಳೇ ಮಾಲು ಮೇಷ್ಟ್ರೇ" ಎಂದು ಎರಡು ಗೀಟಿನ ಕಡ್ಡಿಯನ್ನೇ ತೆಗೆದರು.

ಅವರು ಹೇಳಿದ್ದು ಸರಿಯೇ. ಅದು ಸಾಗುವಾನಿಯೇ. ಆದರೆ ಯಾರೋ ಹಿಂದಿನವರು ಅದಕ್ಕೆ ಕೆಂಪು ಲೇಪ ಹಚ್ಚಿಸಿದ್ದರು. ಅಡಿಯಲ್ಲಿ ಮಾತ್ರ ಮರ ತನ್ನ ಬಣ್ಣದಲ್ಲಿತ್ತು. ಅಕ್ಕನ ಗೀಟುಗಳು ಮರದ ಗುರುತನ್ನು ಹೇಳುತ್ತಿದ್ದವೇ ಹೊರತು ಲೇಪದ ಗುರುತನ್ನಲ್ಲ. ಇದು ಅಕ್ಕನಿಗೂ ಹೊಳೆದಿರಲಿಲ್ಲ, ನನಗೂ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಬಾಯಿ ತೆರೆದೆ. ಒಬ್ಬರೇ ಮಾಡಲಿ ಎಂದಿದ್ದರಲ್ಲ ಎಂದು ಮುಚ್ಚಿಕೊಂಡೆ. ಮುಚ್ಚಬಾರದಿತ್ತೆಂದು ಇಂದಿಗೂ ಅನ್ನಿಸುತ್ತದೆ.

ಒಂದು ಗಂಟೆ ಅವರು ಬಗ್ಗಿದ ತಲೆ ಎತ್ತಲಿಲ್ಲ. ಗೀರು ತುಂಬಿದ್ದರಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕಣ್ಣುಮುಚ್ಚಿ ಸವರಿದರೆ ನುಣ್ಣಗೆ, ಗಾಜಿನ ಹಾಗೆ. ಕಣ್ಣು ತೆರೆದರೆ ಕೆಂಪು ಹಲಗೆಯ ಮೇಲೆ ಪಾಚಿ ಕಟ್ಟಿದಂಥ ಹಸಿರುಗಂದು ಗೆರೆ.

"ಹೇಗಿದೆ ಮೇಷ್ಟ್ರೇ?"

ಮೂವತ್ತು ವರ್ಷ ಮಕ್ಕಳ ತಪ್ಪಿಗೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕಿದವನು ನಾನು. "ಗೀರು ಎಲ್ಲಿತ್ತು ಅಂತ ಗೊತ್ತೇ ಆಗಲ್ಲ" ಎಂದುಬಿಟ್ಟೆ.

ಅವರ ಮುಖ ಅರಳಿತು. "ಹಾಗಾದ್ರೆ ಅವಳಿಗೆ ತೋರಿಸ್ತೀನಿ ಬನ್ನಿ" ಎಂದು ಪೀಠವನ್ನು ಎದೆಗವಚಿಕೊಂಡು ಎದುರುಮನೆಗೆ ನಡೆದರು.

ಅಕ್ಕ ದಿಂಬಿಗೊರಗಿ ಕುಳಿತಿದ್ದರು. ಪರದೆ ಸರಿಸುವಂತೆ ಸನ್ನೆ ಮಾಡಿದರು. ಬೆಳಕು ಬಂತು. ಪೀಠವನ್ನು ನೋಡಿದರು, ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಊದಿದ ಬೆರಳಿನಿಂದ ಆ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ಸವರಿದರು.

"ಚೆನ್ನಾಗಿದೆ ರೀ" ಎಂದರು. "ಕಲಿತುಬಿಟ್ರಿ. ಇನ್ನು ನಾನ್ಯಾಕೆ ಬೇಕು?"

ಗೀರಪ್ಪ ನಕ್ಕರು. ಆಮೇಲೆ ಆ ನಗು ಮುಖದ ಮೇಲೆಯೇ ನಿಂತುಹೋಯಿತು. ಹೆಂಡತಿಯನ್ನು ಸ್ವಲ್ಪ ಹೊತ್ತು ನೋಡಿ, ಮಂಚದ ಕಾಲ ಬಳಿ ಕುಳಿತು ಅವರ ಪಾದ ಒತ್ತತೊಡಗಿದರು. ಪೀಠದ ಸುದ್ದಿಯನ್ನು ಮತ್ತೆ ಎತ್ತಲಿಲ್ಲ.

ಅದಾದ ಹನ್ನೆರಡನೆಯ ದಿನ ಅಕ್ಕ ತೀರಿಕೊಂಡರು.

ತಿಂಗಳು ಕಳೆದ ಮೇಲೆ ಗೀರಪ್ಪ ನನ್ನ ಬಾಗಿಲಿಗೆ ಬಂದರು. ಗಡ್ಡ ಬೆಳೆದಿತ್ತು. ಒಳಗೆ ಬಂದು ಪೀಠದ ಮುಂದೆ ನೆಲದ ಮೇಲೆ ಕುಳಿತರು.

"ನಿಜ ಹೇಳಿ ಮೇಷ್ಟ್ರೇ. ಇದರ ಬಣ್ಣ ಯಾವುದು?"

"ಕೆಂಪು."

"ನಾನು ತುಂಬಿದ್ದು?"

"ಹಸಿರಿನ ಕಡೆಗಿದೆ."

ತಲೆಯಾಡಿಸಿದರು. ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ. ಪ್ಲಾಸ್ಟಿಕ್ ಚೂರು ತೆಗೆದು ತಾವು ತುಂಬಿದ ಮೇಣವನ್ನು ಕೆರೆಯತೊಡಗಿದರು. ಕೆರೆಯುತ್ತಲೇ ಹೇಳಿದರು:

"ಕೆಲಸಕ್ಕೆ ಜೊತೆಗೆ ಬಂದ ಇಷ್ಟು ವರ್ಷದಲ್ಲಿ ಒಂದು ದಿನಾನೂ ಅವಳು ಮೊದಲನೇ ಸಲಕ್ಕೆ ಚೆನ್ನಾಗಿದೆ ಅಂದೋಳಲ್ಲ. ಎಷ್ಟೇ ಚೆನ್ನಾಗಿರ್ಲಿ, ಇನ್ನೊಂದು ಸಲ ಒರೆಸಿ ಅನ್ನೋಳು. ನಾನು ಸಿಡುಕೋನು, ಅವಳು ಬೈಯೋಳು, ಹಾಗೇ ಕೆಲಸ ಮುಗಿಯೋದು. ಅವತ್ತು ತಪ್ಪಾಗಿದೆ ಅಂದಿದ್ರೆ ಕಿತ್ತು ಇನ್ನೊಂದು ಸಲ ತುಂಬ್ತಿದ್ದೆ. ಚೆನ್ನಾಗಿದೆ ಅಂದ್ಬಿಟ್ಲು ನೋಡಿ. ಆಗಲೇ ಗೊತ್ತಾಯ್ತು, ಇವಳು ಹೊರಟಿದಾಳೆ ಅಂತ."

"ಡಬ್ಬಿ ತನ್ನಿ. ಕಡ್ಡಿ ನಾನು ಆರಿಸಿಕೊಡ್ತೀನಿ. ಬೇರೆ ಮನೆಗಳಿಗೂ ಬರ್ತೀನಿ, ನನಗೇನು ಕೆಲಸ?" ಎಂದೆ.

"ಬೇಡ" ಎಂದರು, ಕೋಪವಿಲ್ಲದೆ. "ನೀವು ಒಳ್ಳೆಯವರು ಮೇಷ್ಟ್ರೇ. ತಪ್ಪಾದ್ರೂ ಸರಿ ಅಂದ್ಬಿಡ್ತೀರಿ. ನನಗೆ ಬೈಯೋರು ಬೇಕು."

ಬರಿದಾದ ಗೀರಿನ ಮೇಲೆ ಬಣ್ಣವಿಲ್ಲದ ವಾರ್ನಿಶ್ ಎಳೆದು, ಒಣಗುವವರೆಗೂ ಕಾದಿದ್ದು ಹೋದರು.

ಈಗ ಅವರು ಬಾಗಿಲು ಮಾಡುವವರೊಬ್ಬರ ಬಳಿ ಇದ್ದಾರೆ. ಬಣ್ಣ ಹಚ್ಚುವುದಕ್ಕೆ ಮುಂಚೆ ಹಲಗೆಗಳನ್ನು ಉಜ್ಜಿ ನಯಮಾಡುವ ಕೆಲಸ. ಅಲ್ಲಿ ಬೆರಳಿದ್ದರೆ ಸಾಕು. ಸಂಜೆ ತಲೆ, ಹುಬ್ಬುಗಳ ಮೇಲೆಲ್ಲ ಮರದ ಪುಡಿ ಹೊತ್ತು ಮೆಟ್ಟಿಲು ಹತ್ತುತ್ತಾರೆ. ಹಳೆಯ ಗಿರಾಕಿಗಳು ಯಾರಾದರೂ ದಾರಿಯಲ್ಲಿ ನಿಲ್ಲಿಸಿ, "ಮೇಜಿಗೆ ಗೀರು ಬಿದ್ದಿದೆ, ಯಾವಾಗ ಬರ್ತೀರಿ?" ಎಂದು ಕೇಳುವುದುಂಟು.

"ಆ ಕೆಲಸ ನಾವು ಬಿಟ್ಬಿಟ್ವಿ" ಎನ್ನುತ್ತಾರೆ ಗೀರಪ್ಪ.