ಹರಿಯುವ ನೀರಿಗೆ ಹಾಕಿದ ಸಾಮಾನು

ವಿಮೆಯ ಏಜೆಂಟ್ ಬಂದು ಹೋದ ದಿನವೇ ನಮ್ಮ ಪಾಲಿನ ಕೊನೆಯ ಸಾದಾ ದಿನ. ಮಧ್ಯಾಹ್ನ ನಾನು ಬುತ್ತಿ ತೆಗೆದುಕೊಂಡು ಗ್ಯಾರೇಜಿಗೆ ಹೋದಾಗ ನಮ್ಮವರು ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದರು. ಕಾಲು ಮಾತ್ರ ಹೊರಗಿದ್ದವು. ನಟ್ಟು ಬಿಚ್ಚುವ ದೊಡ್ಡ ಪಾನಾ ಪಕ್ಕದಲ್ಲಿ ಬಿಸಿಲಿಗೆ ಬಿದ್ದಿತ್ತು. ನಮ್ಮ ಕಡೆಯ ಬಿಸಿಲಿಗೆ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತದೆ. ಅದಕ್ಕೇ ಆ ಪಾನಾದ ಹಿಡಿಕೆಗೆ ಅವರು ನನ್ನ ಹಳೇ ಸೀರೆಯ ಅಂಚು ಸುತ್ತಿಕೊಂಡಿದ್ದರು.

ಗ್ಯಾರೇಜ್ ಇದ್ದದ್ದು ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ. ಕಾಲುವೆಗೆ ನೀರು ಬರುವ ಮೊದಲು ಅವರು ಸೈಕಲ್, ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ನೀರು ಬಂದು ಜನ ಭತ್ತ ಹಚ್ಚತೊಡಗಿದ ಮೇಲೆ ಟ್ರ್ಯಾಕ್ಟರುಗಳು ಬಂದವು. ಮೈದುನನೂ ಅಣ್ಣನ ಕೂಡ ಕೆಲಸಕ್ಕೆ ನಿಂತ. ಮನೆಯೆಲ್ಲ ಆ ತಗಡು ಹೊದಿಸಿದ ಶೆಡ್ಡಿನ ಮೇಲೆ ನಿಂತಿತ್ತು.

ಏಜೆಂಟ್ ಯಾದಗಿರಿಯವರು, ಅಂಗಡಿಯ ವಿಮೆಯ ಪತ್ರ ಕೊಡಲು ಬಂದಿದ್ದರು. ಚಹಾ ಕುಡಿಯುತ್ತ ನನ್ನನ್ನು ನೋಡಿ ನಕ್ಕರು.

"ಅಕ್ಕೋರ, ಇನ್ನ ಮ್ಯಾಲ ನಿಮ್ಮ ಅಂಗಡಿಗೆ ಒಬ್ಬ ಕಾವಲುಗಾರ ಬಂದಾನ ಅಂತ ತಿಳ್ಕೋರಿ."

ನಮ್ಮವರು ಟ್ರ್ಯಾಕ್ಟರಿನ ಕೆಳಗಿನಿಂದಲೇ ಹೇಳಿದರು: "ಎಂಥಾ ಕಾವಲುಗಾರ್ರಿ! ವರ್ಷಕ್ಕೊಮ್ಮಿ ಬಂದು ಚಾ ಕುಡದು ಹೋಗಾಂವ."

"ಅಂಗಡಿಗಷ್ಟೇ ಏನ್ರಿ? ಇವ್ರಿಗೆ?" ಎಂದು ನಾನು ಕೇಳಿದೆ.

"ಮನಷ್ಯಾರಿಗೆ ಬ್ಯಾರೆ ಇರ್ತದ್ರಿ. ಇದು ಶೆಡ್ಡಿಗೆ, ಸಾಮಾನಿಗೆ. ಅದನ್ನ ಮುಂದಿನ ಸಲ ಮಾಡೋಣು."

"ನನಗ್ಯಾಕ ಬಿಡ್ರಿ," ಎಂದರು ಅವರು. "ನಾ ಏನು ಕಳುವಾಗಿ ಹೋಗ್ತೀನೇನು?"

ಮೂವರೂ ನಕ್ಕೆವು. ಆಮೇಲೆ ನಮ್ಮವರು ಎದ್ದು ಬಂದು, ಏಜೆಂಟರ ಕೂಡ ಮಾತಾಡುತ್ತ ರಸ್ತೆಯ ತನಕ ಹೋದರು. ನಾನು ಬುತ್ತಿಯ ಡಬ್ಬಿ ತೊಳೆದುಕೊಂಡು ಮನೆಗೆ ಬಂದೆ.

ಮರುದಿನ ಅವರು ಒಂದು ಖಾಲಿ ಡೀಸೆಲ್ ಟ್ಯಾಂಕಿಗೆ ವೆಲ್ಡಿಂಗ್ ಹಿಡಿದಿದ್ದರು. ತೊಳೆದು ಒಣಗಿಸಿದ್ದರೂ ಟ್ಯಾಂಕಿನೊಳಗೆ ಎಣ್ಣೆಯ ಆವಿ ಉಳಿದಿತ್ತಂತೆ. ಅದು ಸಿಡಿಯಿತು. ಪಕ್ಕದ ಆಯಿಲ್ ಡಬ್ಬಿಗಳಿಗೂ ಬೆಂಕಿ ಹತ್ತಿತು. ಮೈದುನ ಬಿಡಿಭಾಗ ತರಲು ಯಾದಗಿರಿಗೆ ಹೋಗಿದ್ದ. ರಸ್ತೆಯ ಜನ ಅವರನ್ನು ಹೊರಗೆ ಎಳೆದು ಗುಲಬರ್ಗಾದ ದವಾಖಾನೆಗೆ ಒಯ್ದರು. ಅಲ್ಲಿ ಅವರು ನನ್ನ ಹತ್ತಿರ ನೀರು ಕೇಳಿದರು. ಬೇರೇನೂ ಹೇಳಲಿಲ್ಲ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಮೂರನೇ ದಿನ ಮನೆ ತೊಳೆಯುವುದು ನಮ್ಮಲ್ಲಿ ಪದ್ಧತಿ. ಸತ್ತವರು ಮಲಗಿದ್ದ ಹಾಸಿಗೆ, ಉಟ್ಟ ಬಟ್ಟೆ ಮನೆಯಲ್ಲಿ ಇಡುವುದಿಲ್ಲ. ಬೆಂಕಿ ಬಿದ್ದದ್ದು ಗ್ಯಾರೇಜಿನಲ್ಲಾದ್ದರಿಂದ ಅದನ್ನೂ ತೊಳೆಯಬೇಕೆಂದರು ನಮ್ಮ ಅತ್ತೆ.

"ಬೆಂಕಿ ತಿಂದಿದ್ದು ಒಂದು ಮೊಳಿ ಸುದ್ದಾ ಇರಬಾರದು. ಎಲ್ಲಾ ಹರಿಯೋ ನೀರಿಗೆ ಹಾಕ್ರಿ."

"ಯವ್ವಾ, ಪಾನಾ ತೊಳದ್ರ ಮತ್ತ ಕೆಲಸಕ್ಕ ಬರ್ತಾವ," ಎಂದ ಮೈದುನ.

"ನಿಮ್ಮಣ್ಣ ಬರ್ತಾನೇನು, ತೊಳದ್ರ?"

ಅವನು ಪಾನಾಗಳನ್ನು ಬುಟ್ಟಿಗೆ ತುಂಬತೊಡಗಿದ. ಓಣಿಯ ಜನರೂ ಕೈಜೋಡಿಸಿದರು. ಕರಿ ಹಿಡಿದ ತಗಡು, ಕಂಪ್ರೆಸರ್, ವೆಲ್ಡಿಂಗ್ ಮಷೀನು, ಸೊಟ್ಟಾದ ದೊಡ್ಡ ಕಬ್ಬಿಣ, ಹೀಗೆ ಕಾಲುವೆಯ ತನಕ ಹೊರಲಾಗದ್ದನ್ನೆಲ್ಲ ಗುಜರಿಯವನ ಗಾಡಿಗೆ ಹೇರಿದರು. ಸಾವಿನ ಮನೆಯ ಸಾಮಾನು ಮಾರಬಾರದೆಂದು ಅವನಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಪಾನಾ, ಜಾಕ್, ಸುತ್ತಿಗೆ, ಅರ್ಧ ಸುಟ್ಟ ಅವರ ಅಂಗಿ ಇವೆಲ್ಲ ಕಾಲುವೆಗೆ ಹೋದವು. ಗೋಡೆಗೆ ಸುಣ್ಣ ಬಳಿದು, ನೆಲ ಸಾರಿಸಿ, ಊದಿನಕಡ್ಡಿ ಹಚ್ಚಿದೆವು. ಆ ದಿನ ಅದು ಸರಿಯೆಂದೇ ಅನಿಸಿತ್ತು.

ವಿಮೆಯ ನೆನಪಾದದ್ದು ದಿನಕರ್ಮವೆಲ್ಲ ಮುಗಿದು ನೆಂಟರು ಊರಿಗೆ ಹೋದ ಮೇಲೆ. ಮೈದುನ ಯಾದಗಿರಿಗೆ ಹೋಗಿ ಏಜೆಂಟರನ್ನು ಕಂಡು ಬಂದ. ಬಂದವನು ಕಟ್ಟೆಯ ಮೇಲೆ ಕೂತುಬಿಟ್ಟ.

"ವೈನಿ, ವಿಮಾದ ಸಾಹೇಬ್ರು ಬಂದು ನೋಡೋ ತನಕ ಸುಟ್ಟಿದ್ದು ಏನೂ ಮುಟ್ಟಬಾರದಾಗಿತ್ತಂತ. ಅವತ್ತ ರಸ್ತಾದಾಗ ನಿಂತು ಅಣ್ಣಗ ಬಿಡಿಸಿ ಹೇಳಿದ್ರಂತ."

ನಮ್ಮವರಿಗೆ ಗೊತ್ತಿತ್ತು. ಗೊತ್ತಿದ್ದವರು ಅವರೊಬ್ಬರೇ.

ನಷ್ಟ ನೋಡಲು ಬಂದ ಸಾಹೇಬರು ಕೆಟ್ಟವರಲ್ಲ. ಚಪ್ಪಲಿ ಹೊರಗೆ ಬಿಟ್ಟು ಶೆಡ್ಡಿನೊಳಗೆ ಬಂದರು. ಬಿಳೀ ಗೋಡೆಯನ್ನು, ಖಾಲಿ ನೆಲವನ್ನು ನೋಡುತ್ತ ನಿಂತರು.

"ಸುಟ್ಟಿದ್ದು ತೋರಸ್ರಿ."

"ಎಲ್ಲಾ ತೊಳದೀವಲ್ರಿ," ಎಂದೆ.

"ಹಂಗಾದ್ರ ನಾ ಏನು ನೋಡ್ಲಿ ತಾಯಿ? ಏನಿತ್ತು, ಏನು ಹೋತು ಅಂತ ಬರೀಲಿ?"

ಪೊಲೀಸರು ಬರೆದುಕೊಂಡದ್ದು ಹೋದ ಮನುಷ್ಯನ ಬಗ್ಗೆ. ಸಾಮಾನು ಸುಟ್ಟಿದೆ ಎಂದು ಒಂದು ಸಾಲು, ಅಷ್ಟೇ. ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು: "ಸತ್ತ ಮನಿ ತೊಳೀಬಾರ್ದೇನಪಾ? ನಿಮ್ಮ ಮನ್ಯಾಗ ತೊಳ್ಯಾಂಗಿಲ್ಲೇನು?"

"ತೊಳೀತೀವಿ ಯವ್ವಾ," ಎಂದರು ಅವರು. "ನಮ್ಮ ಮನ್ಯಾಗೂ ತೊಳೀತೀವಿ." ಕೈಯಲ್ಲಿದ್ದ ಪೆನ್ನನ್ನು ಕಿಸೆಗೆ ಹಾಕಿಕೊಂಡರು. ಸುಟ್ಟ ಸಾಮಾನು ಏನಾದರೂ ಸಿಕ್ಕರೆ ಆಫೀಸಿಗೆ ತಂದು ತೋರಿಸಿ, ಮತ್ತೆ ಬರೆಯೋಣ ಎಂದು ಹೇಳಿ ಹೋದರು.

ಗುಜರಿಯವನು ಆಗಲೇ ಎಲ್ಲವನ್ನೂ ಹೈದರಾಬಾದಿನ ಲಾರಿಗೆ ಹಾಕಿದ್ದ. ಉಳಿದದ್ದು ಕಾಲುವೆ. ನಾನು ಲಗ್ನವಾಗಿ ಬಂದಾಗ ಇಂಥದ್ದನ್ನು ಊರ ಹೊರಗಿನ ಹಳ್ಳದಲ್ಲಿ ಹಾಕುತ್ತಿದ್ದರು. ವರ್ಷದ ಬಹುಪಾಲು ಅದು ಒಣಗಿರುತ್ತಿತ್ತು. ಹಾಕಿದ್ದು ಹಾಕಿದಲ್ಲೇ ಬಿದ್ದಿರುತ್ತಿತ್ತು. ಕಾಲುವೆ ಬಂದ ಮೇಲೆ ಹಳ್ಳದ ತನಕ ಯಾರೂ ಹೋಗಲಿಲ್ಲ. ಹರಿಯುವ ನೀರು ಹತ್ತಿರದಲ್ಲೇ ಇತ್ತು. ಟ್ರ್ಯಾಕ್ಟರು ತಂದು ನಮ್ಮ ಗ್ಯಾರೇಜ್ ಬೆಳೆಸಿದ್ದೂ ಅದೇ ನೀರು.

ಬೇಸಿಗೆಯಲ್ಲಿ ನೀರು ಬಂದ್ ಆದಾಗ ಮೈದುನ ಕೆಸರಿಗಿಳಿದ. ನಾನು ದಂಡೆಯ ಮೇಲೆ ನಡೆದೆ. ಕುರಿ ಕಾಯುವವರು ನಿಂತು ನೋಡುತ್ತಿದ್ದರು. "ಏನು ಕಳಕೊಂಡೀರಿ?" ಎಂದು ಒಬ್ಬ ಕೇಳಿದ. "ಪಾನಾ" ಎಂದೆ. ಒಂದು ಜಾಕ್ ಸಿಕ್ಕಿತು, ಸುತ್ತಿಗೆಯ ತಲೆ ಸಿಕ್ಕಿತು. ತೊಳೆದು ಆಫೀಸಿಗೆ ಒಯ್ದೆವು. ಇದು ನೀರಿನ ತುಕ್ಕು, ಬೆಂಕಿಯ ಗುರುತು ಇದರಲ್ಲಿ ಎಲ್ಲಿದೆ ಎಂದು ತಿರುಗಿಸಿ ಕೊಟ್ಟರು. ಅಲ್ಲಿಗೆ ಅದು ಮುಗಿಯಿತು.

ಗ್ಯಾರೇಜ್ ಮತ್ತೆ ತೆರೆಯಲಿಲ್ಲ. ಆ ಜಾಗದಲ್ಲಿ ಈಗ ಗೊಬ್ಬರದ ಅಂಗಡಿ ಇದೆ. ಮೈದುನ ಸುರಪುರದಲ್ಲಿ ಬೇರೆಯವರ ಗ್ಯಾರೇಜಿನಲ್ಲಿ, ಬೇರೆಯವರ ಪಾನಾ ಹಿಡಿದು ದುಡಿಯುತ್ತಾನೆ. ಅತ್ತೆ ತೀರಿಕೊಂಡಾಗ ನಾವು ಮೂರನೇ ದಿನ ಮನೆ ತೊಳೆದೆವು.

ಬೇಸಿಗೆಯಲ್ಲಿ ಕಾಲುವೆ ಒಣಗಿದಾಗ ನಾನು ಈಗಲೂ ದಂಡೆಯ ಮೇಲೆ ಹೋಗುತ್ತೇನೆ. ಸಿಕ್ಕರೂ ಆಫೀಸಿನವರಿಗೆ ಅದು ಬೇಕಿಲ್ಲ ಎಂದು ನನಗೆ ಗೊತ್ತಿದೆ. ಸೀರೆಯ ಅಂಚು ಸುತ್ತಿದ್ದ ದೊಡ್ಡ ಪಾನಾ ಇನ್ನೂ ಸಿಕ್ಕಿಲ್ಲ.